ಹನ್ನೊಂದನೆಯ ಮೊಳೆ

ಲಾಂಗ್ ರೀಡ್ ಸರೋವರ
೧೨ ಅಕ್ಟೋಬರ್ ೨೦೦೯

ಆರ್ಲೀನ್‌ಗೆ,

ಮೂವತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮೊದಲು ಕ್ಷೇಮ ವಿಚಾರಿಸುವುದು ಪದ್ಧತಿ. ವಿಚಾರಿಸಿದ್ದೇನೆ ಎಂದುಕೊ. ನಾನು ಕ್ಲೆಮೆಂಟ್ ರೋಶೆಲೋ, ಜೋಸೆಟ್‌ಳ ಗಂಡ. ಅವಳು ಹೋಗಿ ಮೂರು ವರ್ಷವಾಯಿತು. ಆಗ ನಗರದಿಂದ ಹೂವು ಬಂದಿತ್ತು, ಚೀಟಿಯಲ್ಲಿ ‘ಒಬ್ಬ ಗೆಳತಿ’ ಎಂದಷ್ಟೇ ಇತ್ತು. ಅಕ್ಷರ ಯಾರದೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ನಿನ್ನ ಕೆಲಸದ ಪರೀಕ್ಷೆಗೆಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಇಂಗ್ಲಿಷ್ ತಿದ್ದಿಸಿದವನು ನಾನೇ ಅಲ್ಲವೇ.

ನನ್ನ ಕಾಲೇಜು ಎರಡೇ ವರ್ಷದ್ದು. ಅಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಧ ಮೀನುಬಲೆಯ ತೂತಿನಲ್ಲಿ ಜಾರಿಹೋಗಿದೆ. ಆದರೂ ಅಲ್ಲಿನ ಮೇಷ್ಟರು ಹೇಳಿದ್ದೊಂದು ನೆನಪಿದೆ: ಪತ್ರದ ವಿಷಯ ಮೊದಲನೆಯ ಪ್ಯಾರಾದಲ್ಲಿ ಬರಬೇಕು. ಇದು ಎರಡನೆಯದು. ಇರಲಿ.

ವಿಷಯ ಇದು. ಡ್ವೇನ್‌ನ ಮಗಳು ಟೆಸ್ಸಾ, ಐದು ವರ್ಷ. ಡ್ವೇನ್ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಅವನು ಬೇರೆಯವರ ಕಾರನ್ನು ಕೇಳದೆ ಒಯ್ದು ಜೈಲಿನಲ್ಲಿದ್ದಾನೆ, ಇದು ಎರಡನೆಯ ಸಲ. ಮಗುವಿನ ತಾಯಿ ಕುಡಿತ ಬಿಡಿಸಿಕೊಳ್ಳಲು ತಾನಾಗಿಯೇ ಆಸ್ಪತ್ರೆ ಸೇರಿದ್ದಾಳೆ, ಅವಳಿಗೆ ಒಳ್ಳೆಯದಾಗಲಿ. ನಮ್ಮ ಬುಡಕಟ್ಟಿನ ಮಕ್ಕಳ ಕಚೇರಿಯವರು ಮಗುವನ್ನು ನನ್ನ ಹತ್ತಿರ ಬಿಡುತ್ತೇವೆಂದು ಅರ್ಜಿ ಕೊಟ್ಟರು. ನಾನು ಮೂರು ದಿನ ಕೂತು ತುಂಬಿಸಿ, ಕೊನೆಗೆ ‘ಯುವರ್ಸ್ ಫೇತ್‌ಫುಲಿ’ ಎಂದು ಸಹಿ ಹಾಕಿ ಕೊಟ್ಟೆ. ಹೋದ ವಾರ ಕಚೇರಿಯ ಹುಡುಗಿ ಕೆಲ್ಸಿ ನಮ್ಮ ಮೆಟ್ಟಿಲ ಮೇಲೆ ಬಂದು ನಿಂತಳು.

‘ಅಜ್ಜ, ನಿನ್ನ ಅರ್ಜಿ ವಾಪಸ್ ಬಂದಿದೆ.’

‘ಯಾಕಮ್ಮ? ಅಕ್ಷರ ಚೆನ್ನಾಗಿಲ್ಲವೇನು?’

‘ಅಕ್ಷರ ಮುತ್ತಿನ ಹಾಗಿದೆ. ಅದೇ ತೊಂದ್ರೆ ಆಗಿದ್ದು, ಎಲ್ಲಾ ಓದೋಕೆ ಆಗುತ್ತೆ. ಎರಡು ಕೋಣೆ ಮನೇಲಿ ಹತ್ತೊಂಬತ್ತು ಜನ ಅಂತ ಬರ್ದಿದ್ದೀಯ. ಅದ್ರಲ್ಲಿ ಒಬ್ಬ ಜೈಲಲ್ಲಿದ್ದಾನೆ. ಇನ್ನೊಬ್ರು…’ ಮಾತು ನುಂಗಿದಳು. ‘ಇನ್ನೊಬ್ರು ತೀರ್ಕೊಂಡಿದ್ದಾರೆ, ಅಜ್ಜ.’

ಟೆಸ್ಸಾಳನ್ನು ಮಾರ್ಲೋಗೆ ಕಳಿಸಿದ್ದಾರೆ. ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಹಾಲ್ವರ್‌ಸನ್ ಎಂಬವರ ಮನೆ, ಟರ್ಕಿ ಕೋಳಿ ಸಾಕುತ್ತಾರಂತೆ. ಕೆಟ್ಟವರೆಂದು ನಾನು ಹೇಳುತ್ತಿಲ್ಲ.

ನೀನು ಈಗ ರಾಜಧಾನಿಯಲ್ಲಿ, ರಾಜ್ಯದ ಮಕ್ಕಳ ಇಲಾಖೆಯಲ್ಲಿ ದೊಡ್ಡ ಮೇಜಿನ ಹಿಂದೆ ಕೂತಿದ್ದೀಯ ಎಂದು ಎಲ್ಲರೂ ಹೇಳುತ್ತಾರೆ. ನಾನು ಏನನ್ನೂ ಬೇಡುತ್ತಿಲ್ಲ. ಇದರ ಜೊತೆ ಅರ್ಜಿಯ ಪ್ರತಿ ಇಟ್ಟಿದ್ದೇನೆ, ಅಷ್ಟೆ.

ಯುವರ್ಸ್ ಫೇತ್‌ಫುಲಿ,
ಕ್ಲೆಮೆಂಟ್ ರೋಶೆಲೋ


೨ ನವೆಂಬರ್ ೨೦೦೯

ಶ್ರೀ ಕ್ಲೆಮೆಂಟ್ ರೋಶೆಲೋ ಅವರಿಗೆ,

ತಮ್ಮ ಪತ್ರ ತಲುಪಿದೆ. ಒಂದೊಂದು ಮಗುವಿನ ವಿಷಯದಲ್ಲಿ ನಾನು ಈ ಕಚೇರಿಯಿಂದ ಕೈ ಹಾಕುವಂತಿಲ್ಲ. ಅಲ್ಲದೆ ತಮ್ಮ ಅರ್ಜಿಯನ್ನು ತಿರಸ್ಕರಿಸಿರುವುದು ರಾಜ್ಯವಲ್ಲ, ತಮ್ಮದೇ ಬುಡಕಟ್ಟಿನ ಕಚೇರಿ. ಒಬ್ಬರೇ ಇರುವ ತಾವು ಮನೆಮಂದಿ ಎಂಬಲ್ಲಿ ಹತ್ತೊಂಬತ್ತು ಹೆಸರು ಬರೆದದ್ದು ಏಕೆಂದು ತಿಳಿಯಲಿಲ್ಲ. ಸರಿಪಡಿಸಿ ಮತ್ತೊಮ್ಮೆ ಸಲ್ಲಿಸಲು ಅವಕಾಶವಿದೆ.

ಇಂತಿ,
ಆರ್ಲೀನ್ ಗ್ರಾವೆಲ್

ತಾ.ಕ.: ಪಟ್ಟಿಯ ಮೊದಲ ಪುಟ ಮಾತ್ರ ಬಂದಿದೆ. ಅದರಲ್ಲಿ ಹತ್ತು ಹೆಸರಿವೆ.


ಲಾಂಗ್ ರೀಡ್ ಸರೋವರ
೧೫ ನವೆಂಬರ್ ೨೦೦೯

ಆರ್ಲೀನ್‌ಗೆ,

ಏಕೆಂದು ತಿಳಿಯಲಿಲ್ಲವೇ? ನಮ್ಮ ಅಡುಗೆಮನೆಯ ಗೋಡೆ ಮರೆತುಹೋಯಿತೇ ನಿನಗೆ?

ಒಲೆಯ ಎದುರಿನ ಗೋಡೆಗೆ ಜೋಸೆಟ್ ಮೊಳೆ ಹೊಡೆದು ಕಪ್‌ಗಳನ್ನು ತೂಗಿಹಾಕುತ್ತಿದ್ದಳು. ಯಾರ ಕಪ್ ಅಲ್ಲಿದೆಯೋ ಅವರು ಬಾಗಿಲು ತಟ್ಟದೆ ಒಳಗೆ ಬರಬಹುದು, ಕಾಫಿ ಬಗ್ಗಿಸಿಕೊಳ್ಳಬಹುದು, ಅಳುವ ಮಗುವನ್ನು ಎತ್ತಿಕೊಳ್ಳಬಹುದು, ತಪ್ಪು ಮಾಡಿದರೆ ನನ್ನನ್ನೂ ಬೈಯಬಹುದು. ಅವಳ ಕಾನೂನು ಒಂದೇ: ಅವರವರ ಕಪ್ ಅವರವರೇ ತಂದು, ಅವರ ಕೈಯಿಂದಲೇ ತೂಗಿಹಾಕಬೇಕು. ಒಡೆದರೆ ಹೊಸದನ್ನೂ ಅವರೇ ಬಂದು ಹಾಕಬೇಕು, ಇನ್ನೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ. ಈಗ ಅಲ್ಲಿ ಹತ್ತೊಂಬತ್ತು ಕಪ್ ಇವೆ. ಅರ್ಜಿಯಲ್ಲಿ ‘ಮನೆಮಂದಿಯ ಹೆಸರು ಬರೆಯಿರಿ, ಯಾರನ್ನೂ ಬಿಡಬೇಡಿ’ ಎಂದಿತ್ತು. ನಾನು ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಎಡಗಡೆಯಿಂದ ನೋಡಿ ನೋಡಿ ಬರೆದೆ. ಗೆರೆ ಹತ್ತೇ ಇದ್ದವು, ಹಾಗಾಗಿ ಇನ್ನೊಂದು ಹಾಳೆ ಅಂಟಿಸಿದೆ. ಸತ್ತವಳ ಹೆಸರನ್ನು ಯಾಕೆ ಬರೆದೆ ಎಂದು ಕೆಲ್ಸಿ ಕೇಳಿದಳು. ಕಪ್ ಇದೆಯಲ್ಲ ಎಂದೆ.

ನೀನು ಹೇಳಿದಂತೆ ಸರಿಪಡಿಸಿಯೂ ಆಯಿತು. ‘ಅಜ್ಜ, ನಿನ್ನ ದಮ್ಮಯ್ಯ, ನಿನ್ನದೊಂದೇ ಹೆಸರು ಬರೀ’ ಎಂದಳು ಕೆಲ್ಸಿ. ಒಂದೇ ಹೆಸರು ಬರೆದೆ. ಹತ್ತೊಂಬತ್ತು ಜನರ ಮನೆಯಲ್ಲಿ ಒಬ್ಬನೇ ಕೂತಂತೆ ಆಯಿತು. ಒಂದು ವಾರಕ್ಕೆ ಅದೂ ವಾಪಸ್. ಈ ಸಲದ ಕಾರಣ ಕೇಳು: ಅರ್ಜಿದಾರನಿಗೆ ಎಪ್ಪತ್ತೊಂದು ವರ್ಷ, ಒಂಟಿ, ಕಾಯಿಲೆಬಿದ್ದರೆ ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ಹತ್ತೊಂಬತ್ತು ಜನ ಎಂದರೆ ಹೆಚ್ಚಾಯಿತು, ಒಬ್ಬ ಎಂದರೆ ಕಮ್ಮಿಯಾಯಿತು. ಎಷ್ಟು ಬೇಕು ಎಂದು ಕೆಲ್ಸಿಯನ್ನು ಕೇಳಿದೆ. ಪಾಪ, ಅವಳು ಅಳುವ ಹಾಗಾದಳು. ಅವಳ ಅಜ್ಜಿ ಅಗಾಥಾಳ ಕಪ್ ಕೂಡ ನಮ್ಮ ಗೋಡೆಯಲ್ಲಿದೆ, ನಾಲ್ಕನೆಯದು.

ಮಂಗಳವಾರ ಮಾರ್ಲೋದಲ್ಲಿ ಟೆಸ್ಸಾಳನ್ನು ಒಂದು ಗಂಟೆ ನೋಡಲು ಬಿಟ್ಟರು. ಮೂಲೆಯಲ್ಲಿ ಒಬ್ಬಾಕೆ ಕೂತು ಬರೆದುಕೊಳ್ಳುತ್ತಿದ್ದಳು. ಮಗು ಮೊದಲ ಅರ್ಧ ಗಂಟೆ ನನ್ನ ಕೋಟಿನ ಗುಂಡಿಯನ್ನು ಹಾಕಿತು, ಬಿಚ್ಚಿತು. ಆಮೇಲೆ ಕೇಳಿತು: ‘ಅಜ್ಜ, ಟರ್ಕಿಗಳೆಲ್ಲಾ ಈ ತಿಂಗಳ ಹಬ್ಬಕ್ಕೆ ಅಂತ ಹೋದವು. ನಾನು ಯಾವಾಗ ಹೋಗೋದು?’ ಬೇಗ ಎಂದೆ. ಮೂಲೆಯಾಕೆ ಅದನ್ನು ಬರೆದುಕೊಂಡಳು.

ಎರಡನೆಯ ಪುಟ ಕೇಳಿದ್ದೆಯಲ್ಲ, ಇಟ್ಟಿದ್ದೇನೆ. ಒಲೆಯ ಹಿಂದೆ ಬಿದ್ದಿತ್ತು. ಹಾಗೆಂದುಕೋ.

ಕ್ಲೆಮೆಂಟ್


೬ ಡಿಸೆಂಬರ್ ೨೦೦೯

ಕ್ಲೆಮೆಂಟ್,

ಎರಡನೆಯ ಪುಟ ಸಿಕ್ಕಿತು. ಮೊದಲನೆಯ ಗೆರೆ ಓದಿದೆ. ಹನ್ನೊಂದು, ಆರ್ಲೀನ್ ಗ್ರಾವೆಲ್. ಆ ದಿನ ನನ್ನಿಂದ ಮತ್ತೇನೂ ಓದಲಾಗಲಿಲ್ಲ.

ಒಂದು ವಿಷಯ ಹೇಳಬೇಕು. ಆ ಅರ್ಜಿಯನ್ನು ನಮ್ಮವರಿಗೆ ಕೊಟ್ಟವಳು ನಾನೇ. ೧೯೮೬ರಲ್ಲಿ ಬುಡಕಟ್ಟಿಗೆ ತನ್ನದೇ ಮಕ್ಕಳ ಕಚೇರಿ ಬೇಕೆಂದು ನಾವು ಹಟ ಹಿಡಿದಾಗ ರಾಜ್ಯದವರು ‘ನಿಮ್ಮ ಹತ್ತಿರ ನಿಯಮಾವಳಿ ಎಲ್ಲಿದೆ?’ ಎಂದರು. ಬರೆಯಲು ಸಮಯ ಇರಲಿಲ್ಲ. ರಾಜ್ಯದ ಅರ್ಜಿ, ರಾಜ್ಯದ ನಿಯಮ, ಎಲ್ಲವನ್ನೂ ಕಾರಿನ ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಬಂದೆ. ತಲೆಬರಹ ಮಾತ್ರ ಬದಲಾಯಿಸಿ ನಮ್ಮ ಹದ್ದಿನ ಮುದ್ರೆ ಹಾಕಿದೆವು. ಈಗ ನಮ್ಮ ಮಕ್ಕಳ ವಿಷಯ ನಾವೇ ನೋಡುತ್ತೇವೆ ಎಂದು ಅಂದು ಕೇಕ್ ಕತ್ತರಿಸಿದೆವು. ನಾನು ಎಷ್ಟು ಹೆಮ್ಮೆಪಟ್ಟಿದ್ದೆ! ಆ ಕಾಗದದಲ್ಲಿರುವ ಮನೆ ನಮ್ಮ ಊರಿನಲ್ಲಿ ಎಲ್ಲೂ ಇಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆ ದಿನ ನಾನು ಬಾಯಿ ಬಿಡುತ್ತಿರಲಿಲ್ಲವೇನೋ.

ಜನವರಿಯಲ್ಲಿ ರಾಜ್ಯದವರೂ ಎಲ್ಲ ಬುಡಕಟ್ಟುಗಳವರೂ ಒಂದೇ ಮೇಜಿನ ಸುತ್ತ ಕೂರುವ ಸಭೆ ಇದೆ. ವರ್ಷಕ್ಕೆರಡು ಸಲ ಕೂರುತ್ತಾರೆ, ಎದ್ದು ಹೋಗುತ್ತಾರೆ. ಈ ಸಲ ನೀನು ಬಂದು ನಿನ್ನ ಎರಡು ಅರ್ಜಿಗಳನ್ನೂ ಓದುತ್ತೀಯಾ? ಟೆಸ್ಸಾಳ ಹೆಸರು ಹೇಳುವಂತಿಲ್ಲ. ಐದು ನಿಮಿಷ ಕೊಡುತ್ತಾರೆ. ಐದೇ, ಕ್ಲೆಮೆಂಟ್.

ಆರ್ಲೀನ್


ಲಾಂಗ್ ರೀಡ್ ಸರೋವರ
೨೦ ಡಿಸೆಂಬರ್ ೨೦೦೯

ಆರ್ಲೀನ್,

ಬರುತ್ತೇನೆ. ಕೆಲ್ಸಿ ಕಾರು ಓಡಿಸುತ್ತಾಳೆ.

ಸರೋವರ ಹೆಪ್ಪುಗಟ್ಟಿದೆ, ಆರನೆಯ ಕಪ್ಪಿನ ಬರ್ನಾರ್ಡ್ ಆಗಲೇ ಮಂಜುಗಡ್ಡೆಯ ಮೇಲೆ ಮೀನು ಹಿಡಿಯುವ ಗುಡಿಸಲು ಎಳೆದುಕೊಂಡು ಹೋಗಿದ್ದಾನೆ. ಪ್ರತಿ ವರ್ಷ ಅವನೇ ಮೊದಲು, ಪ್ರತಿ ವರ್ಷ ಅವನ ಒಂದು ಕಾಲು ನೀರಿಗೆ. ನಾನು ಬೇರೆ ಏನೋ ಬರೆಯಲು ಕೂತು ಬರ್ನಾರ್ಡನ ಕಾಲಿನ ವಿಷಯ ಬರೆಯುತ್ತಿದ್ದೇನೆ.

ಆ ದಿನ ಬೆಳಿಗ್ಗೆ ನೀನು ನಮ್ಮ ಮನೆಗೆ ಬಂದಿದ್ದೆ. ೧೯೭೯, ಮಾರ್ಚ್. ನಿನ್ನ ನೀಲಿ ಕಪ್ ತೆಗೆದುಕೊಂಡು ಕಾಫಿ ಕುಡಿದೆ. ಜೋಸೆಟ್‌ಳ ತಂಗಿ ಸತ್ತು ಎರಡು ತಿಂಗಳಾಗಿತ್ತು. ಅವಳ ನಾಲ್ಕೂ ಮಕ್ಕಳು ನಮ್ಮ ಒಂದು ಕೋಣೆಯಲ್ಲಿ ಸಾಲಾಗಿ ಮಲಗುತ್ತಿದ್ದವು. ಡ್ವೇನ್ ಎಲ್ಲರಿಗಿಂತ ಚಿಕ್ಕವನು, ಆರು ವರ್ಷ. ಅವನು ನಿನ್ನ ತೊಡೆಯ ಮೇಲೆ ಕೂತು ರೊಟ್ಟಿ ತಿಂದ. ಮಧ್ಯಾಹ್ನ ನೀನು, ಕೆಲಸಕ್ಕಿದ್ದ ಕೌಂಟಿ ಕಚೇರಿಯ ಕಾರಿನಲ್ಲಿ ಬಂದೆ. ಜೊತೆಗೆ ಇಬ್ಬರಿದ್ದರು. ಕಾಗದದಲ್ಲಿ ‘ಒಂದು ಕೋಣೆಗೆ ನಾಲ್ಕು ಮಕ್ಕಳು’ ಎಂದು ಬರೆದಿತ್ತು, ಕೆಳಗೆ ನಿನ್ನ ಸಹಿ. ನಾಲ್ವರನ್ನು ನಾಲ್ಕು ಊರಿಗೆ ಹಂಚಿದರು. ಡ್ವೇನ್ ಹದಿನೆಂಟಕ್ಕೆ ವಾಪಸ್ ಬಂದಾಗ ಮನೆಯ ಬಾಗಿಲು ತಟ್ಟಿದ. ನಮ್ಮ ಮನೆಯ ಬಾಗಿಲು ತಟ್ಟಿದ ಮೊದಲನೆಯ ನೆಂಟ ಅವನೇ.

ಆ ರಾತ್ರಿಯೇ ನಿನ್ನ ಕಪ್ ತೆಗೆದು ಕಸಕ್ಕೆ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಅದು ತೊಳೆದು ಮೊಳೆಯಲ್ಲಿತ್ತು. ‘ಅವಳು ಮಾಡಿದ್ದು ನಿನಗೆ ಕಾಣಲಿಲ್ಲವೇನೇ?’ ಎಂದು ಕೂಗಾಡಿದೆ. ಜೋಸೆಟ್ ಹಿಟ್ಟು ನಾದುತ್ತಾ ಹೇಳಿದಳು: ‘ಕಾಣ್ತು. ಅವಳು ತಂದು ಹಾಕಿದ್ದು, ಅವಳೇ ಬಂದು ತಗೊಂಡು ಹೋಗ್ಲಿ. ನೀನ್ಯಾರು ತೆಗೆಯೋಕೆ?’

ನೀನು ಬರಲಿಲ್ಲ. ಮೂವತ್ತು ವರ್ಷ ನಾನು ಅದರ ಧೂಳು ಒರೆಸಿದ್ದೇನೆ. ಕ್ಷಮಿಸಿದ್ದೇನೆಂದು ತಿಳಿಯಬೇಡ, ಧೂಳು ಒರೆಸಿದ್ದೇನೆ ಅಷ್ಟೆ.

ಕ್ಲೆಮೆಂಟ್


೩ ಫೆಬ್ರವರಿ ೨೦೧೦

ಕ್ಲೆಮೆಂಟ್,

ನಿನ್ನ ಡಿಸೆಂಬರಿನ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ನಾಲ್ಕು ಸಲ ಕೂತೆ. ಸಭೆಯಲ್ಲಿ ನೀನು ನನ್ನ ಕೈ ಕುಲುಕಿದೆ, ನಾನೂ ಕುಲುಕಿದೆ. ಅಷ್ಟರಲ್ಲಿ ಯಾರೋ ಕರೆದರು.

ಐದು ನಿಮಿಷ ಎಂದಿದ್ದೆ. ನೀನು ಮೂವತ್ತೆಂಟು ನಿಮಿಷ ಮಾತಾಡಿದೆ. ಅದರಲ್ಲಿ ಹತ್ತು ನಿಮಿಷ ಬರ್ನಾರ್ಡನ ಕಾಲಿಗೆ ಹೋಯಿತು. ಆದರೂ ಯಾರೂ ಗಡಿಯಾರ ನೋಡಲಿಲ್ಲ. ಹಿಮ ಬೀಳುತ್ತದೆಂದು ನೀವು ಹೊರಟ ಮೇಲೆ ಏನಾಯಿತೆಂದು ಕೇಳಿದ್ದೀಯಂತೆ, ಕೆಲ್ಸಿ ಹೇಳಿದಳು.

ರಾಜ್ಯದ ಕಡೆಯ ವಕೀಲರು ನಿನ್ನ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ‘ಹಾಗಾದ್ರೆ ಈ ಹತ್ತೊಂಬತ್ತು ಜನರಲ್ಲಿ ಜವಾಬ್ದಾರಿ ಯಾರದ್ದು? ನಾನು ಯಾರನ್ನ ಹಿಡ್ಕೊಳ್ಳಲಿ?’ ಎಂದರು. ನಮ್ಮ ಪಕ್ಕದ ಬುಡಕಟ್ಟಿನ ಹಿರಿಯಾಕೆ ‘ಮಗು ಯಾರನ್ನ ಹಿಡ್ಕೊಳ್ಳುತ್ತೆ ಅಂತ ನೋಡಿ ಸ್ವಾಮಿ, ಆಮೇಲೆ ನೀವು ಹಿಡ್ಕೊಳ್ಳಿ’ ಎಂದರು. ಎಲ್ಲರೂ ನಕ್ಕರು. ವಕೀಲರೂ ನಕ್ಕರು. ಆಮೇಲೆ ಪೆನ್ ತೆಗೆದರು.

ನಾನು ಅಲ್ಲಿ ಹೇಳಿದ್ದನ್ನು ನಿನಗೂ ಹೇಳುತ್ತೇನೆ, ಸಿಟ್ಟಾಗಬೇಡ. ನೆಂಟರ ಮನೆಯಲ್ಲೇ ನೊಂದ ಮಕ್ಕಳನ್ನೂ ನಾನು ನೋಡಿದ್ದೇನೆ. ಗೋಡೆಯ ಮೇಲೆ ಕಪ್ ಇದ್ದ ಮಾತ್ರಕ್ಕೆ ಸಾಲದು. ಪ್ರತಿಯೊಬ್ಬರನ್ನೂ ವಿಚಾರಿಸಲೇಬೇಕು. ಆದರೆ ಅವರನ್ನು ಗುಡಿಸಿಹಾಕಲು ವಿಚಾರಿಸುವುದು ಬೇರೆ, ನಂಬಲು ವಿಚಾರಿಸುವುದು ಬೇರೆ.

ಕೊನೆಗೆ ಒಪ್ಪಿದ್ದು ಇಷ್ಟು: ಪ್ರತಿ ಬುಡಕಟ್ಟೂ ತನ್ನ ನಿಯಮವನ್ನು ತಾನೇ ಹೊಸದಾಗಿ ಬರೆಯಬೇಕು, ಅದರ ಪ್ರಕಾರ ಒಪ್ಪಿದ ಮನೆಯನ್ನು ರಾಜ್ಯವೂ ಒಪ್ಪಬೇಕು. ನಿಮ್ಮ ಊರಿನವರು ಮೊದಲು ಬರೆದು ತೋರಿಸಲಿ ಎಂದರು. ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗುವಿಗೆ ಬೇಗ ಎಂದು ಹೇಳಿದ್ದೀಯ, ನನಗೆ ಗೊತ್ತು. ಬೇಗ ಮಾಡಿಸುವ ಶಕ್ತಿ ನನಗಿಲ್ಲ. ನಿಲ್ಲದ ಹಾಗೆ ನೋಡಿಕೊಳ್ಳುತ್ತೇನೆ.

ಆರ್ಲೀನ್


ಲಾಂಗ್ ರೀಡ್ ಸರೋವರ
೧೮ ಏಪ್ರಿಲ್ ೨೦೧೦

ಆರ್ಲೀನ್,

ಮೇಪಲ್ ಮರದ ರಸ ಇಳಿಸುವುದು ಈ ವರ್ಷ ಬೇಗ ಮುಗಿಯಿತು. ಅದನ್ನು ಕಾಯಿಸಿ ಮಾಡಿದ ಸಕ್ಕರೆ ಸ್ವಲ್ಪ ಸೀದಿದೆ, ಕಾರಣ ನಿಮ್ಮ ನಿಯಮಾವಳಿ. ಕಡಾಯಿಯ ಸುತ್ತ ಕೂತು ಅದರ ಮೇಲೇ ಜಗಳವಾಡಿದೆವು.

ಸಮುದಾಯ ಭವನದಲ್ಲಿ ಆರು ಸಭೆ ಆಗಿವೆ. ಮೊದಲನೆಯದಕ್ಕೆ ಏಳು ಜನ, ಆರನೆಯದಕ್ಕೆ ಕುರ್ಚಿ ಸಾಲದೆ ಹೋದವು. ‘ಮನೆಮಂದಿಯ ಹೆಸರು’ ಎಂಬ ಗೆರೆ ಬಂದಾಗ ಅಗಾಥಾ ಕೋಲು ಕುಟ್ಟಿದಳು.

‘ಇದನ್ನ ತೆಗ್ದುಹಾಕಿ. ಮಗು ಅತ್ತಾಗ ಯಾರು ಬರ್ತಾರೆ ಅಂತ ಕೇಳಿ.’

‘ಅಜ್ಜೀ, ಬರ್ತೀನಿ ಅಂತ ಎಲ್ರೂ ಹೇಳ್ತಾರೆ’ ಎಂದಳು ಕೆಲ್ಸಿ.

‘ಹಾಗಾದ್ರೆ ಬಂದು ಏನ್ ಮಾಡ್ತಾರೆ ಅಂತ ಬರೆಸ್ಕೊ. ಸಹಿ ಹಾಕಿಸ್ಕೊ. ನಿಮ್ಮ ಆಫೀಸಿನವರು ಬಂದು ಮಾಡ್ತಿದ್ದಾರಾ ಇಲ್ವಾ ಅಂತ ನೋಡ್ಲಿ. ಈ ಬರ್ನಾರ್ಡನನ್ನ ಮಾತ್ರ ಮಂಜಿನ ಮೇಲೆ ಮಗು ಕರ್ಕೊಂಡು ಹೋಗೋಕೆ ಬಿಡಬೇಡಿ!’

‘ಏ ಮುದುಕಿ, ನನ್ನ ಕಾಲು ನಿಂಗೇನು ಮಾಡಿದೆ?’ ಎಂದ ಬರ್ನಾರ್ಡ್.

ಹಾಗೆ ಹೊಸ ಅರ್ಜಿ ಹುಟ್ಟಿತು. ಒಂದೊಂದು ಹೆಸರಿನ ಮುಂದೆ, ಆ ಮನುಷ್ಯ ಮಗುವಿಗಾಗಿ ಮಾಡುವ ಒಂದು ಕೆಲಸ, ಅವನದೇ ಕೈಬರಹದಲ್ಲಿ. ಯಾರು ಎಲ್ಲಿ ಮಲಗುತ್ತಾರೆ ಎಂಬುದೂ ಇದೆ, ಹಳೆಯ ಅಪರಾಧವಿದ್ದರೆ ಅದನ್ನೂ ಹೇಳಬೇಕು, ನೀನು ಹೇಳಿದ್ದನ್ನು ಬಿಟ್ಟಿಲ್ಲ. ಒಪ್ಪಿಗೆ ಬಂದ ಮೇಲೆ ಬೇಸಿಗೆಯಲ್ಲಿ ಹೋಗುವ ಮೊದಲನೆಯ ಅರ್ಜಿ ನನ್ನದು. ಬರ್ನಾರ್ಡ್ ಶಾಲೆಗೆ ಬಿಡುತ್ತಾನೆ. ಅಗಾಥಾ, ನನಗೆ ಹುಷಾರಿಲ್ಲದಾಗ ಮನೆಗೆ ಬಂದು ಮಲಗುತ್ತಾಳೆ. ಡ್ವೇನ್ ಜೈಲಿನಿಂದ ವಾರಕ್ಕೊಂದು ಪತ್ರ ಬರೆಯುತ್ತೇನೆಂದು ಬರೆದು ಕಳಿಸಿದ್ದಾನೆ. ಟೆಸ್ಸಾಳ ತಾಯಿ ಆಸ್ಪತ್ರೆಯಿಂದ ಬಂದು ಪಟ್ಟಣದಲ್ಲಿ ಕೋಣೆ ಹಿಡಿದಿದ್ದಾಳೆ. ‘ಭಾನುವಾರ ಬರ್ತೀನಿ, ಕುಡಿಯದೆ ಬರ್ತೀನಿ’ ಎಂದು ಬರೆದು, ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದಿದ್ದಾಳೆ. ಅವಳು ಹೊಸ ಕಪ್ ತಂದು ತೂಗಿಹಾಕಿದ್ದನ್ನು ನಾನು ಪಕ್ಕದ ಕೋಣೆಯಲ್ಲಿ ನಿಂತು ಕೇಳಿಸಿಕೊಂಡೆ. ಮೊಳೆ ಸಿಗದೆ ಎರಡು ಸಲ ತಡಕಾಡಿದಳು.

ಜೋಸೆಟ್‌ಳ ಗೆರೆ ಬಂದಾಗ ಕೆಲ್ಸಿ ಪೆನ್ನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಹೊಡೆದು ಹಾಕಬೇಕಾಗಿತ್ತು. ಹಾಕಿದೆ. ಕಪ್ ತೆಗೆಯಬೇಕೆಂದು ಯಾವ ನಿಯಮದಲ್ಲೂ ಇಲ್ಲ, ಓದಿ ನೋಡಿದ್ದೇನೆ.

ಹನ್ನೊಂದನೆಯ ಗೆರೆ ಖಾಲಿ ಇದೆ. ಮಗುವಿಗಾಗಿ ನೀನು ಏನು ಮಾಡುತ್ತೀಯ? ಏನೂ ಇಲ್ಲವೆಂದರೆ ಅದನ್ನಾದರೂ ಬರೆದು ತಿಳಿಸು. ಅದನ್ನೂ ಹೊಡೆದು ಹಾಕುತ್ತೇನೆ. ಈಗ ಅಭ್ಯಾಸವಾಗಿದೆ.

ಕ್ಲೆಮೆಂಟ್


೧೧ ಮೇ ೨೦೧೦

ಕ್ಲೆಮೆಂಟ್,

ನಾನು ಈ ಮೇಜಿನ ಹಿಂದೆ ಇರುವವರೆಗೆ ಆ ಕಾಗದಕ್ಕೆ ಸಹಿ ಹಾಕುವಂತಿಲ್ಲ. ಜೂನ್ ಮೂವತ್ತಕ್ಕೆ ನಿವೃತ್ತಿ. ನಿಮ್ಮ ನಿಯಮಾವಳಿಯನ್ನು ಒಪ್ಪುವ ಕಡತ ನನ್ನ ಕೈಯಿಂದ ಹೋಗುವ ಕೊನೆಯ ಕಡತಗಳಲ್ಲಿ ಒಂದು. ಅದು ಹೋದ ಮೇಲೆ ಬರೆಯುತ್ತೇನೆ.

೧೯೭೯ರ ಆ ದಿನ ಬೆಳಿಗ್ಗೆ ನಿಮ್ಮಲ್ಲಿ ಕಾಫಿ ಕುಡಿಯುವಾಗ ಕಾಗದ ನನ್ನ ಚೀಲದಲ್ಲೇ ಇತ್ತು. ನಿಮಗೆ ಹೇಳಬೇಕೆಂದೇ ಬಂದಿದ್ದೆ. ಡ್ವೇನ್ ರೊಟ್ಟಿ ಕೇಳಿದ.

ಆರ್ಲೀನ್


೧ ಜುಲೈ ೨೦೧೦

೧೧. ಆರ್ಲೀನ್ ಗ್ರಾವೆಲ್. ಟೆಸ್ಸಾಳಿಗೆ ಓದು ಬರಹ ಕಲಿಸುತ್ತೇನೆ, ಅವಳು ಬಾ ಎಂದರೆ.

(ಸಹಿ)


ಲಾಂಗ್ ರೀಡ್ ಸರೋವರ
೨ ಆಗಸ್ಟ್ ೨೦೧೦

ಆರ್ಲೀನ್,

ಟೆಸ್ಸಾ ಬಂದು ಎರಡು ವಾರವಾಯಿತು. ಹಾಲ್ವರ್‌ಸನ್ ಗಂಡಹೆಂಡತಿ ತಾವೇ ಕರೆದುಕೊಂಡು ಬಂದರು. ಆಕೆ ಮಗುವಿಗೆ ಹಳದಿ ಸೂಟ್‌ಕೇಸ್ ಕೊಟ್ಟು, ಕಾರಿನೊಳಗೆ ಕೂತು ಅತ್ತಳು. ಗಂಡ ಟೋಪಿ ತಿರುಗಿಸುತ್ತಾ ‘ನಾವು ಒಮ್ಮೊಮ್ಮೆ ಬಂದು ನೋಡಬಹುದಾ?’ ಎಂದ. ಬರುವಾಗ ಕಪ್ ತನ್ನಿ ಎಂದೆ. ಪಾಪ, ನಮ್ಮ ಮನೆಯಲ್ಲಿ ಕಪ್ ಇಲ್ಲವೆಂದುಕೊಂಡನೋ ಏನೋ, ಡಜನ್ ತರುತ್ತೇನೆ ಎಂದ.

ಮೊದಲ ವಾರ ಮಗು ದಿಂಬಿನ ಕೆಳಗೆ ರೊಟ್ಟಿ ಬಚ್ಚಿಡುತ್ತಿತ್ತು. ಅಗಾಥಾ ಹಳೆಯದನ್ನು ತೆಗೆದು ಬಿಸಿಯದನ್ನು ಇಡುತ್ತಿದ್ದಳು. ಆಮೇಲೆ ಒಂದು ದಿನ ಗೋಡೆಯ ಮುಂದೆ ನಿಂತು ಒಂದೊಂದು ಕಪ್ಪಿಗೂ ಬೆರಳು ತೋರಿಸಿ ‘ಇದು ಯಾರ್ದು? ಇದು?’ ಎಂದು ಶುರುಮಾಡಿತು. ಜೋಸೆಟ್‌ಳದ್ದು ಬಂದಾಗ ‘ನಿನ್ನ ಅಜ್ಜೀದು, ಅವಳು ಹೋಗಿಬಿಟ್ಟಳು’ ಎಂದೆ. ತಲೆಯಾಡಿಸಿತು. ಹನ್ನೊಂದನೆಯದು ಬಂದಾಗ ‘ಆರ್ಲೀನ್ ಅಂತ, ಬರ್ಲಿಲ್ಲ’ ಎಂದೆ. ‘ಯಾಕೆ ಬರ್ಲಿಲ್ಲ?’ ಎಂದಿತು. 

ಶುಕ್ರವಾರ ಬೆಳಿಗ್ಗೆ ಹಿತ್ತಲಲ್ಲಿ ದೋಣಿಗೆ ಟಾರು ಬಳಿಯುತ್ತಿದ್ದೆ. ಸರೋವರದ ಕಾಡುಭತ್ತದ ಕೊಯ್ಲು ಹತ್ತಿರ ಬಂತಲ್ಲ. ಒಳಗೆ ಸದ್ದಾಯಿತು. ಹೋಗಿ ನೋಡಿದರೆ ಕುರ್ಚಿ ಬಿದ್ದಿದೆ, ನಿನ್ನ ನೀಲಿ ಕಪ್ ನೆಲದ ಮೇಲೆ ಮೂರು ಚೂರು. ಮಗು ಕಾಣಲಿಲ್ಲ. ಮುಂಬಾಗಿಲ ಹತ್ತಿರ ನಿಂತಿತ್ತು, ಬೂಟು ಹಾಕಿಕೊಂಡು, ಹಳದಿ ಸೂಟ್‌ಕೇಸ್ ಹಿಡಿದುಕೊಂಡು.

‘ನಾನು ಈಗ ಹೋಗ್ಬೇಕಾ ಅಜ್ಜ?’

ಬಾಗಿಲಲ್ಲೇ ಕೂತೆ. ಟಾರಿನ ಕೈಯಿಂದಲೇ ಅದರ ಬೂಟು ಬಿಚ್ಚಿದೆ.

‘ಈ ಮನೇಲಿ ಕಪ್ ಒಡೆದ್ರೆ ಯಾರೂ ಹೋಗಲ್ಲ ಕಂದ. ಕಪ್ ಯಾರದ್ದೋ ಅವರು ಬರ್ಬೇಕು. ಅವರೇ ಹೊಸದು ತಂದು ಹಾಕ್ಬೇಕು. ಇದು ನಿನ್ನ ಅಜ್ಜಿ ಮಾಡಿದ ಕಾನೂನು.’

‘ಹಾಗಾದ್ರೆ ಅವಳು ಬರ್ಲೇಬೇಕು’ ಎಂದಿತು. ಸೂಟ್‌ಕೇಸನ್ನು ಒಳಗೆ ಎಳೆದುಕೊಂಡು ಹೋಯಿತು.

ಚೂರುಗಳನ್ನು ಎತ್ತಿಟ್ಟಿದ್ದೇನೆ. ಮೊಳೆ ಖಾಲಿ ಇದೆ. ಟೆಸ್ಸಾ ದಿನಾ ಮೆಟ್ಟಿಲ ಮೇಲೆ ಕೂತು ದಾರಿ ನೋಡುತ್ತಾಳೆ, ಬರುವ ಪ್ರತಿ ಕಾರಿಗೂ ‘ಇದಾ?’ ಎನ್ನುತ್ತಾಳೆ. ‘ಬಾ’ ಎಂದರೆ ಬರುತ್ತೇನೆ ಎಂದು ಬರೆದಿದ್ದೀಯಲ್ಲ, ಅವಳು ಅನ್ನುತ್ತಿದ್ದಾಳೆ. ಟಪಾಲಿನಲ್ಲಿ ಕಳಿಸಬೇಡ, ಕೆಲ್ಸಿಯ ಕೈಗೂ ಕೊಡಬೇಡ.

ಬಾಗಿಲು ತಟ್ಟಬೇಡ.

ಕ್ಲೆಮೆಂಟ್